ಸಿನಿಮಾದಲ್ಲಿ ಆ ಸಾಮಾನ್ಯ ಮನುಷ್ಯ ಎಲ್ಲಿ ಹೋದ?

ಪ್ರಶ್ನೆ: ನಾನು ಪದವಿ ಕಾಲೇಜೊಂದರಲ್ಲಿ ಇಂಗ್ಲಿಷ್ ಉಪನ್ಯಾಸಕಿ. ರಾಬರ್ಟ್ ಬೋಲ್ಟ್ ಬರೆದ ‘ಎ ಮ್ಯಾನ್ ಫಾರ್ ಆಲ್ ಸೀಸನ್ಸ್’ ನಾಟಕವನ್ನು ಪಾಠ ಮಾಡುತ್ತಿದ್ದೇನೆ. 1966ರ ಸಿನಿಮಾವನ್ನು ವಿದ್ಯಾರ್ಥಿಗಳಿಗೆ ತೋರಿಸಿದಾಗ ಅವರು ಕೇಳಿದ ಮೊದಲ ಪ್ರಶ್ನೆ, ನಾಟಕದ ಉದ್ದಕ್ಕೂ ಇರುವ ‘ಸಾಮಾನ್ಯ ಮನುಷ್ಯ’ ಇಲ್ಲೇಕೆ ಇಲ್ಲ ಎಂಬುದು. ನಾಟಕಕಾರನೇ ಚಿತ್ರಕಥೆಯನ್ನೂ ಬರೆದು ತನ್ನ ಮುಖ್ಯ ಪಾತ್ರವನ್ನೇ ಕೈಬಿಟ್ಟದ್ದು ಸರಿಯೇ? ಥಾಮಸ್ ಮೋರ್ ನಿಜಕ್ಕೂ ಅಷ್ಟು ಒಳ್ಳೆಯವನಾಗಿದ್ದನೇ? ತರಗತಿಯಲ್ಲಿ ಯಾವುದನ್ನು ಮೊದಲು ಇಡಬೇಕು, ನಾಟಕವನ್ನೋ ಸಿನಿಮಾವನ್ನೋ?

ಉತ್ತರ: ನಿಮ್ಮ ವಿದ್ಯಾರ್ಥಿಗಳು ಸರಿಯಾದ ಜಾಗಕ್ಕೇ ಕೈಯಿಟ್ಟಿದ್ದಾರೆ. ಈ ಸಿನಿಮಾವನ್ನು ಹೊಗಳುವವರು ಬಹಳ. ಆರು ಆಸ್ಕರ್‌ಗಳನ್ನು, ಪಾಲ್ ಸ್ಕೋಫೀಲ್ಡ್ ಅವರ ಅಭಿನಯವನ್ನು, ಮಾತಿನ ಹರಿತವನ್ನು ಎಲ್ಲರೂ ನೆನೆಯುತ್ತಾರೆ. ಆದರೆ ರಂಗದಿಂದ ತೆರೆಗೆ ಬರುವ ದಾರಿಯಲ್ಲಿ ಒಬ್ಬ ಮನುಷ್ಯ ಕಾಣೆಯಾದ ಸಂಗತಿಯನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಅವನನ್ನು ತೆಗೆದದ್ದು ಸಿನಿಮಾಕ್ಕೆ ಅನಿವಾರ್ಯವಾಗಿತ್ತು, ಆದರೆ ಅವನೊಂದಿಗೆ, ನೋಡುಗರಾದ ನಮ್ಮ ಮೇಲೆ ನಾಟಕ ಹೊರಿಸಿದ್ದ ಆರೋಪವೂ ಹೊರಟುಹೋಯಿತು. ಆ ಆರೋಪದ ಒಂದಷ್ಟು ಭಾಗವನ್ನು ಸಿನಿಮಾ ಬೇರೊಬ್ಬನ ತಲೆಗೆ ಕಟ್ಟಿತು. ಆ ಬೇರೊಬ್ಬ ಯಾರೆಂಬುದನ್ನು ಮುಂದೆ ನೋಡೋಣ.

ನಾಟಕವನ್ನು ಓದದ ಓದುಗರಿಗಾಗಿ ಕಥೆ ಇಷ್ಟು. ಹದಿನಾರನೆಯ ಶತಮಾನದ ಇಂಗ್ಲೆಂಡ್. ದೊರೆ ಎಂಟನೆಯ ಹೆನ್ರಿಗೆ ರಾಣಿ ಕ್ಯಾಥರೀನಳಿಂದ ಬದುಕುಳಿದ ಗಂಡುಮಗುವಿಲ್ಲ. ಅವಳೊಂದಿಗಿನ ಮದುವೆಯನ್ನು ರದ್ದುಪಡಿಸಿಕೊಂಡು ಆನ್ ಬೊಲಿನ್‌ಳನ್ನು ವರಿಸಬೇಕೆಂದಿದ್ದಾನೆ. ಪೋಪ್ ಒಪ್ಪುವುದಿಲ್ಲ. ಕೊನೆಗೆ ಹೆನ್ರಿ, ಇಂಗ್ಲೆಂಡಿನ ಚರ್ಚಿಗೆ ತಾನೇ ಒಡೆಯ ಎಂದು ಸಾರುತ್ತಾನೆ. ಕಾರ್ಡಿನಲ್ ವೂಲ್ಸಿಯ ಪತನದ ಬಳಿಕ 1529ರಲ್ಲಿ ಅವನ ಜಾಗಕ್ಕೆ ಲಾರ್ಡ್ ಚಾನ್ಸೆಲರ್, ಅಂದರೆ ರಾಜ್ಯದ ಹಿರಿಯ ಮಂತ್ರಿ, ಆದ ಸರ್ ಥಾಮಸ್ ಮೋರ್, ಪಾದ್ರಿಗಳ ಸಭೆ ದೊರೆಗೆ ಶರಣಾದ ಮರುದಿನವೇ, 1532ರ ಮೇ 16ರಂದು, ಹುದ್ದೆ ಬಿಡುತ್ತಾನೆ. 1534ರಲ್ಲಿ, ಆನ್‌ಳ ಮಕ್ಕಳೇ ಸಿಂಹಾಸನಕ್ಕೆ ವಾರಸುದಾರರು ಎನ್ನುವ ಉತ್ತರಾಧಿಕಾರ ಶಾಸನ ಬಂದಾಗ ಅದಕ್ಕೆ ತಕ್ಕ ಪ್ರಮಾಣವಚನ ಸ್ವೀಕರಿಸಲು ಒಪ್ಪುವುದಿಲ್ಲ. ಏಕೆ ಒಪ್ಪುವುದಿಲ್ಲ ಎಂಬುದನ್ನೂ ಹೇಳುವುದಿಲ್ಲ. ಲಂಡನ್ನಿನ ಟವರ್ ಸೆರೆಮನೆಯಲ್ಲಿ ವರ್ಷಕ್ಕೂ ಹೆಚ್ಚು ಕಾಲ ಇರುತ್ತಾನೆ. 1535ರ ಜುಲೈ 1ರಂದು ವಿಚಾರಣೆ, ಜುಲೈ 6ರಂದು ಶಿರಚ್ಛೇದ.

ಈ ಕಥೆಯ ಜೀವಾಳ ಮೋರ್‌ನ ಮೌನ. ಅವನು ವಕೀಲ, ಶಾಸನದ ಅಕ್ಷರ ಬಲ್ಲವನು. ಪ್ರಮಾಣ ನಿರಾಕರಿಸಿದವನಿಗೆ ಸೆರೆಮನೆ. ದೊರೆಯ ಪರಮಾಧಿಕಾರವನ್ನು ಬಾಯಿಬಿಟ್ಟು ಅಲ್ಲಗಳೆದವನಿಗೆ ಮಾತ್ರ ಮರಣದಂಡನೆ. ಹಾಗಾಗಿ ಅವನು ಅಲ್ಲಗಳೆಯುವುದೂ ಇಲ್ಲ, ಒಪ್ಪುವುದೂ ಇಲ್ಲ. ಹೆಂಡತಿಗೆ ಹೇಳುವುದಿಲ್ಲ, ಮಗಳಿಗೂ ಹೇಳುವುದಿಲ್ಲ. ನ್ಯಾಯಾಲಯದಲ್ಲಿ ದೊರೆಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಈ ಮೌನವೇ ನಿರಾಕರಣೆ ಎಂದು ವಾದಿಸಿದಾಗ, ಮೌನಂ ಸಮ್ಮತಿ ಲಕ್ಷಣಂ ಎಂಬುದೇ ಕಾನೂನಿನ ಸೂತ್ರ, ನನ್ನ ಮೌನಕ್ಕೆ ಅರ್ಥ ಕಟ್ಟಲೇಬೇಕೆಂದಿದ್ದರೆ ನಾನು ಒಪ್ಪಿದ್ದೇನೆ ಎಂದೇ ಕಟ್ಟಿ ಎನ್ನುತ್ತಾನೆ. ಬಾಯಿ ಮುಚ್ಚಿಕೊಂಡಿರುವ ನಾಯಕನನ್ನು ಇಟ್ಟುಕೊಂಡು ನಾಟಕ ಬರೆಯುವುದು ಎಷ್ಟು ಕಷ್ಟ ಎಂಬುದನ್ನು ನಾಟಕ ಕಟ್ಟಿದವರು ಬಲ್ಲರು. ಬೋಲ್ಟ್ ಆ ಕಷ್ಟವನ್ನು ರಂಗದ ಮೇಲೆ ಒಂದು ರೀತಿಯಲ್ಲಿ ಬಗೆಹರಿಸಿದರು, ತೆರೆಯ ಮೇಲೆ ಮತ್ತೊಂದು ರೀತಿಯಲ್ಲಿ.

ರಂಗದ ಮೇಲಿನ ಉಪಾಯವೇ ಆ ಸಾಮಾನ್ಯ ಮನುಷ್ಯ. ಪರದೆ ಎದ್ದಾಗ ಕಾಣುವುದು ದೊರೆಯಲ್ಲ, ಮೋರ್ ಅಲ್ಲ; ಒಂದು ದೊಡ್ಡ ಬುಟ್ಟಿ ಮತ್ತು ಅವನು. ರಾಜರೂ ಕಾರ್ಡಿನಲ್ಲುಗಳೂ ತುಂಬಿರುವ ನಾಟಕವನ್ನು ನನ್ನಂಥವನಿಂದ ಆರಂಭಿಸುವುದೇ ವಿಪರೀತ ಎಂದು ಗೊಣಗುತ್ತಾನೆ. ಬುಟ್ಟಿಯಿಂದ ಉಡುಪು ತೆಗೆದು ತೊಟ್ಟು ಮೋರ್‌ನ ಮನೆಯ ಕೆಲಸದಾಳಾಗುತ್ತಾನೆ. ಬಳಿಕ ದೋಣಿಯವನು, ಹೆಂಡದಂಗಡಿಯ ಮಾಲೀಕ, ಸೆರೆಮನೆಯ ಕಾವಲುಗಾರ, ತೀರ್ಪು ಕೊಡುವ ಜ್ಯೂರಿಯ ಮುಖ್ಯಸ್ಥ, ಕಡೆಗೆ ತಲೆ ಕಡಿಯುವವನು. ಎಲ್ಲವೂ ಅವನೇ. ಪ್ರತಿ ಸಲವೂ ಟೋಪಿ ಬದಲಾಗುತ್ತದೆ, ಮನುಷ್ಯ ಬದಲಾಗುವುದಿಲ್ಲ. ಪ್ರತಿ ಸಲವೂ ಅವನಿಗೆ ಮೋರ್ ಮೇಲೆ ಒಂದಿಷ್ಟು ಪ್ರೀತಿಯೇ ಇದೆ. ಆದರೂ ಪ್ರತಿ ಸಲವೂ ಒಂದೊಂದು ಮೆಟ್ಟಿಲು ಕೆಳಗಿಳಿಯುತ್ತಾನೆ. ಮೊದಲು ಯಜಮಾನನ ಸುದ್ದಿಯನ್ನು ಮೂರು ಕಾಸಿಗೆ ಮಾರುತ್ತಾನೆ, ಬಳಿಕ ಬೀಗ ಹಾಕುತ್ತಾನೆ, ಬಳಿಕ ‘ಅಪರಾಧಿ’ ಎನ್ನುತ್ತಾನೆ, ಕೊನೆಗೆ ಕೊಡಲಿ ಎತ್ತುತ್ತಾನೆ.

ಕನ್ನಡದ ರಂಗಭೂಮಿ ಬಲ್ಲವರಿಗೆ ಇಂಥ ಪಾತ್ರ ಹೊಸದಲ್ಲ. ನಮ್ಮ ಯಕ್ಷಗಾನದ ಭಾಗವತ ಕಥೆಯ ಒಳಗೂ ಹೊರಗೂ ಓಡಾಡುವವನು. ‘ಹಯವದನ’ದ ಭಾಗವತನೂ ಅಂಥವನೇ. ಬೋಲ್ಟ್ ಮಾತ್ರ ಜರ್ಮನ್ ನಾಟಕಕಾರ ಬ್ರೆಕ್ಟ್‌ನಿಂದ ಈ ಉಪಾಯವನ್ನು ಪಡೆದರು. ಒಂದು ವ್ಯತ್ಯಾಸವನ್ನು ನಿಮ್ಮ ತರಗತಿಯಲ್ಲಿ ಖಂಡಿತ ಹೇಳಿ: ನಮ್ಮ ಭಾಗವತ ಕಥೆಯ ಪಾಪದಲ್ಲಿ ಪಾಲುದಾರನಲ್ಲ, ಬೋಲ್ಟ್‌ನ ಸಾಮಾನ್ಯ ಮನುಷ್ಯ ಪಾಲುದಾರ. ಆ ದೃಷ್ಟಿಯಿಂದ ಅವನಿಗೆ ಹತ್ತಿರದ ಬಂಧು ‘ತುಘಲಕ್’ ನಾಟಕದ ಅಗಸ ಅಜೀಜ್. ಸುಲ್ತಾನನ ಒಂದೊಂದು ಆಜ್ಞೆಯಿಂದಲೂ ತನಗೇನು ಲಾಭ ಎಂದು ಲೆಕ್ಕ ಹಾಕುವ ಅಜೀಜ್‌ನಲ್ಲಿರುವ ಧೈರ್ಯ ಇವನಲ್ಲಿಲ್ಲ ಅಷ್ಟೇ. ಇವನಿಗೆ ಬೇಕಾದದ್ದು ಬದುಕಿ ಉಳಿಯುವುದು.

ಬೋಲ್ಟ್ ತಮ್ಮ ಮುನ್ನುಡಿಯಲ್ಲಿ ಒಂದು ಬೇಸರ ತೋಡಿಕೊಂಡಿದ್ದಾರೆ. ಜನ ಈ ಪಾತ್ರವನ್ನು ಕೆಳವರ್ಗದ ಮನುಷ್ಯನ ಚಿತ್ರ ಎಂದುಕೊಂಡರು. ತಾವು ಹೇಳಹೊರಟದ್ದು ನಮ್ಮೆಲ್ಲರಲ್ಲಿಯೂ ಸಮಾನವಾಗಿರುವ ಅಂಶವನ್ನು ಎಂದು ಬರೆದಿದ್ದಾರೆ. ಅದು ನಿಜವೆಂಬುದಕ್ಕೆ ವಿಚಾರಣೆಯ ದೃಶ್ಯವೇ ಸಾಕ್ಷಿ. ಅಲ್ಲಿ ಜ್ಯೂರಿಯ ಸದಸ್ಯರೆಂದರೆ ಕೋಲುಗಳ ಮೇಲೆ ಸಿಕ್ಕಿಸಿದ ಟೋಪಿಗಳು. ಸಾಮಾನ್ಯ ಮನುಷ್ಯ ಅಲ್ಲಿಂದ ನುಣುಚಿಕೊಳ್ಳಲು ನೋಡುತ್ತಾನೆ. ಕ್ರಾಮ್‌ವೆಲ್ ಬಿಡದೆ ಮುಖ್ಯಸ್ಥನ ಟೋಪಿಯನ್ನು ಅವನಿಗೆ ತೊಡಿಸಿ ಕೂರಿಸುತ್ತಾನೆ. ಪ್ರೇಕ್ಷಾಗೃಹದಲ್ಲಿ ಕುಳಿತವರಿಗೆ ಆಗ ಅರ್ಥವಾಗುತ್ತದೆ: ಕೋಲಿನ ಮೇಲೆ ಇನ್ನೂ ಖಾಲಿ ಟೋಪಿಗಳಿವೆ, ಅವು ಯಾರ ತಲೆಗೂ ಹೊಂದುತ್ತವೆ. ನಾನು ಓದಿದ ಆಧುನಿಕ ಐತಿಹಾಸಿಕ ನಾಟಕಗಳಲ್ಲಿ ಇಷ್ಟು ಕಡಿಮೆ ಸಾಮಗ್ರಿಯಿಂದ ಇಷ್ಟು ದೊಡ್ಡ ಮಾತನ್ನು ಆಡಿದ ದೃಶ್ಯ ಮತ್ತೊಂದು ನೆನಪಾಗುವುದಿಲ್ಲ.

ನಾಟಕ ಮೊದಲು 1954ರಲ್ಲಿ ಬಿಬಿಸಿ ರೇಡಿಯೊಗಾಗಿ ಬಂದದ್ದು, 1957ರಲ್ಲಿ ಟೆಲಿವಿಷನ್‌ಗೆ. ಈಗ ನಾವು ಓದುವ ರಂಗರೂಪ 1960ರ ಜುಲೈನಲ್ಲಿ ಲಂಡನ್ನಿನ ಗ್ಲೋಬ್ ಥಿಯೇಟರಿನಲ್ಲಿ ಆರಂಭವಾಯಿತು. ಸ್ಕೋಫೀಲ್ಡ್ ಮೋರ್, ಲಿಯೋ ಮೆಕರ್ನ್ ಸಾಮಾನ್ಯ ಮನುಷ್ಯ. 1961ರ ನವೆಂಬರಿನಲ್ಲಿ ನಾಟಕ ನ್ಯೂಯಾರ್ಕಿನ ಬ್ರಾಡ್‌ವೇಗೆ ಹೋದಾಗ ಅದೇ ಮೆಕರ್ನ್ ಕ್ರಾಮ್‌ವೆಲ್ ಆದರು. ಸಿನಿಮಾದಲ್ಲಿಯೂ ಅವರೇ ಕ್ರಾಮ್‌ವೆಲ್. ಆ ದಪ್ಪ ಕುತ್ತಿಗೆಯ, ಗಡಸು ದನಿಯ ಕ್ರಾಮ್‌ವೆಲ್‌ನನ್ನು ನೋಡುವಾಗ, ಈ ನಟನೇ ಹಿಂದೊಮ್ಮೆ ಬುಟ್ಟಿ ಹೊತ್ತು ಬಂದು ಪ್ರೇಕ್ಷಕರೊಂದಿಗೆ ಸಲುಗೆಯಿಂದ ಹರಟುತ್ತಿದ್ದವನು ಎಂಬುದನ್ನು ನೆನಪಿಟ್ಟುಕೊಳ್ಳಿ.

ಈಗ ನಿರ್ದೇಶಕರ ಕಡೆಗೆ ಬರೋಣ. ಫ್ರೆಡ್ ಜಿನ್ನೆಮನ್ ವಿಯೆನ್ನಾದಲ್ಲಿ ಬೆಳೆದ ಯಹೂದಿ; ತಂದೆತಾಯಿಗಳಿಬ್ಬರನ್ನೂ ನಾಜಿಗಳ ನರಮೇಧದಲ್ಲಿ ಕಳೆದುಕೊಂಡವರು. ‘ಹೈ ನೂನ್’ ತೆಗೆದವರು ಇವರೇ. ಇಡೀ ಊರು ಹಿಂದೆ ಸರಿದಾಗ ಒಬ್ಬಂಟಿಯಾಗಿ ನಿಲ್ಲುವ ಮನುಷ್ಯನ ಕಥೆ ಅದು. ಅದರ ಚಿತ್ರಕಥೆ ಬರೆದ ಕಾರ್ಲ್ ಫೋರ್‌ಮನ್, ಕಮ್ಯುನಿಸ್ಟರೆಂದು ಶಂಕಿತರಾದವರಿಗೆ ಕೆಲಸ ಕೊಡದ ಹಾಲಿವುಡ್‌ನ ಕಪ್ಪುಪಟ್ಟಿಗೆ ಸೇರಿ ದೇಶ ಬಿಡಬೇಕಾಯಿತು. 1950ರಲ್ಲಿ ಅಮೆರಿಕದ ಚಿತ್ರನಿರ್ದೇಶಕರ ಸಂಘದೊಳಗೆ ಕಮ್ಯುನಿಸ್ಟ್ ವಿರೋಧಿ ನಿಷ್ಠಾಪ್ರಮಾಣವನ್ನು ಎಲ್ಲ ಸದಸ್ಯರ ಮೇಲೂ ಹೇರುವ ಜಗಳ ಎದ್ದು, ಅಧ್ಯಕ್ಷ ಜೋಸೆಫ್ ಮ್ಯಾಂಕಿವಿಕ್ಸ್ ಅವರನ್ನು ಇಳಿಸುವ ಹುನ್ನಾರ ನಡೆದಾಗ, ಅವರ ಪರವಾಗಿ ಸಭೆ ಕರೆಯುವಂತೆ ಸಹಿ ಮಾಡಿದ 25 ಜನರಲ್ಲಿ ಜಿನ್ನೆಮನ್ ಒಬ್ಬರು. ಪ್ರಮಾಣ ಮಾಡು ಎಂದು ಪ್ರಭುತ್ವ ಕೇಳಿದಾಗ ಮನುಷ್ಯನ ಎದೆಯೊಳಗೆ ಏನಾಗುತ್ತದೆ ಎಂಬುದನ್ನು ಅವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಹಾಗಾದರೆ ಅವರು ಮತ್ತು ಬೋಲ್ಟ್ ಸೇರಿ ಸಾಮಾನ್ಯ ಮನುಷ್ಯನನ್ನು ತೆಗೆದದ್ದೇಕೆ? ಕ್ಯಾಮೆರಾದ ಸ್ವಭಾವವೇ ಕಾರಣ. ರಂಗದ ಮೇಲೆ ನದಿ ಇಲ್ಲ. ಹುಟ್ಟು ಹಾಕುವ ಕೈಸನ್ನೆ ಇದೆ. ಟೋಪಿ ಬದಲಾದರೆ ಮನುಷ್ಯ ಬದಲಾದ ಎಂದು ಪ್ರೇಕ್ಷಕರು ಒಪ್ಪಿಕೊಂಡೇ ಕುಳಿತಿರುತ್ತಾರೆ. ತೆರೆಯ ಮೇಲಾದರೋ ನಿಜವಾದ ನೀರು ಹರಿಯುತ್ತದೆ, ನಿಜವಾದ ಕಲ್ಲಿನ ಮೇಲೆ ಪಾಚಿ ಕಟ್ಟಿರುತ್ತದೆ. ಅಂಥ ಲೋಕದಲ್ಲಿ ಒಬ್ಬನೇ ಮನುಷ್ಯ ದೋಣಿಯವನೂ ಕಾವಲುಗಾರನೂ ಆಗಿ ಬಂದರೆ ವೇಷ ಮರೆಸಿಕೊಂಡ ಗೂಢಚಾರನಂತೆ ಕಾಣುತ್ತಾನೆ. ಜಿನ್ನೆಮನ್ ನಾಟಕದ ಕೃತಕತೆಯನ್ನು ಹಾಗೇ ಉಳಿಸಿಕೊಳ್ಳಬಹುದಿತ್ತು, ಅಥವಾ ಪೂರ್ತಿ ಬಿಡಬಹುದಿತ್ತು. ಅರ್ಧಂಬರ್ಧ ಮಾಡಿದ್ದರೆ ಎರಡೂ ಕೆಡುತ್ತಿದ್ದವು. ಅವರು ಪೂರ್ತಿ ಬಿಟ್ಟರು. ಮನೆಯಾಳು ಮ್ಯಾಥ್ಯೂ ಒಬ್ಬ ನಟನಾದ, ದೋಣಿಯವನು ಮತ್ತೊಬ್ಬನಾದ, ಕಾವಲುಗಾರ ಇನ್ನೊಬ್ಬನಾದ. ನಾಟಕದಲ್ಲಿ ದೊಡ್ಡ ಪಾತ್ರವಾಗಿದ್ದ ಸ್ಪೇನಿನ ರಾಯಭಾರಿಯೂ ಮಾಯವಾದ.

ಕೊಟ್ಟದ್ದಕ್ಕೆ ಪ್ರತಿಯಾಗಿ ಸಿನಿಮಾ ಪಡೆದದ್ದೇನು ಎಂಬುದನ್ನೂ ನೋಡಬೇಕು. ಮೊದಲನೆಯದು ನದಿ. ಮುನ್ನುಡಿಯಲ್ಲಿ ಬೋಲ್ಟ್, ನೀರು ಮತ್ತು ಕಡಲಿನ ಉಪಮೆಗಳನ್ನು ಮನುಷ್ಯನನ್ನು ಮೀರಿದ ಅಗಾಧಕ್ಕೆ, ಒಣನೆಲವನ್ನು ಸಮಾಜ ಮತ್ತು ಕಾನೂನಿಗೆ ಸಂಕೇತವಾಗಿ ಬಳಸಿದೆ ಎಂದಿದ್ದರು. ರಂಗದ ಮೇಲೆ ಅದು ಮಾತಿನಲ್ಲಷ್ಟೇ ಇತ್ತು. ಸಿನಿಮಾದಲ್ಲಿ ಕಥೆ ನದಿಯ ಮೇಲೆಯೇ ಸಾಗುತ್ತದೆ: ವೂಲ್ಸಿಯ ಕರೆ ಬಂದ ರಾತ್ರಿ ಮೋರ್ ದೋಣಿಯಲ್ಲಿ ಹೋಗುತ್ತಾನೆ, ದೊರೆ ದೋಣಿಯಲ್ಲಿ ಬರುತ್ತಾನೆ, ಟವರ್‌ನ ಕಿರುಕಿಂಡಿಯಿಂದ ಕಾಣುವ ಹೊರಲೋಕದಲ್ಲಿ ಋತುಗಳು ಉರುಳುತ್ತವೆ. ಥೇಮ್ಸ್ ಎಂದು ನಾವು ನೋಡುವುದರಲ್ಲಿ ಹೆಚ್ಚಿನದು ಹ್ಯಾಂಪ್‌ಶೈರ್‌ನ ಬ್ಯೂಲಿ ನದಿ. ಆಧುನಿಕ ಲಂಡನ್ನಿನಲ್ಲಿ ಹದಿನಾರನೆಯ ಶತಮಾನದ ದಡ ಎಲ್ಲಿ ಸಿಗಬೇಕು?

ಎರಡನೆಯದು ಮುಖಗಳು. ವೂಲ್ಸಿಯಾಗಿ ಆರ್ಸನ್ ವೆಲ್ಸ್ ಒಂದು ಇಕ್ಕಟ್ಟಾದ ಕೋಣೆಯಲ್ಲಿ ಕೆಂಪು ನಿಲುವಂಗಿ ತೊಟ್ಟು ಕುಳಿತಿದ್ದಾರೆ, ಗೋಡೆಯೂ ಕೆಂಪು. ದೇಹ ಎಲ್ಲಿ ಮುಗಿಯಿತು, ಅಧಿಕಾರ ಎಲ್ಲಿ ಶುರುವಾಯಿತು ಎಂದು ಗೊತ್ತಾಗದಂತೆ ಬಣ್ಣ ಹರಡಿದೆ. ತೆರೆಯ ಮೇಲೆ ಕೆಲವೇ ನಿಮಿಷ ಇರುವ ಆ ಮುಖವನ್ನು ಮರೆಯುವುದು ಕಷ್ಟ. ರಾಬರ್ಟ್ ಶಾ ಮಾಡಿದ ಹೆನ್ರಿ ಸಿನಿಮಾಕ್ಕೆ ಸಿಕ್ಕ ಇನ್ನೊಂದು ವರ. ಮೋರ್‌ನ ಮನೆಯ ದಡಕ್ಕೆ ಬಂದ ದೊರೆ ದೋಣಿಯಿಂದ ನೆಗೆದು ಕೆಸರಿನಲ್ಲಿ ಕಾಲು ಹೂಳಿಸಿಕೊಳ್ಳುತ್ತಾನೆ. ಒಂದು ಕ್ಷಣ ಎಲ್ಲರ ಉಸಿರು ನಿಲ್ಲುತ್ತದೆ. ಕೋಪವೋ ನಗುವೋ? ದೊರೆ ನಗುತ್ತಾನೆ, ಆಸ್ಥಾನಿಕರೆಲ್ಲ ನಗುತ್ತಾ ರೇಷ್ಮೆ ಉಡುಪಿನಲ್ಲಿಯೇ ಕೆಸರಿಗೆ ಹಾರುತ್ತಾರೆ. ಒಬ್ಬ ಮನುಷ್ಯನ ಚಿತ್ತವೃತ್ತಿಯೇ ದೇಶದ ಹವಾಮಾನವಾದರೆ ಹೇಗಿರುತ್ತದೆ ಎಂಬುದನ್ನು ಒಂದೂ ಮಾತಿಲ್ಲದೆ ತೋರಿಸಿದ ದೃಶ್ಯ ಅದು. ಆ ಆಸ್ಥಾನಿಕರನ್ನು ಮತ್ತೊಮ್ಮೆ ನೋಡಿ. ನಿಮ್ಮ ವಿದ್ಯಾರ್ಥಿಗಳು ಹುಡುಕುತ್ತಿರುವ ಸಾಮಾನ್ಯ ಮನುಷ್ಯನ ಒಂದು ಚೂರು ಅಲ್ಲಿ, ಮೊಣಕಾಲವರೆಗಿನ ಕೆಸರಿನಲ್ಲಿ, ನಗುತ್ತಾ ನಿಂತಿದೆ.

ಮೂರನೆಯದು ಸ್ಕೋಫೀಲ್ಡ್ ಅವರ ಮುಖ. ರಂಗದ ಮೇಲೆ ಸಾಮಾನ್ಯ ಮನುಷ್ಯ ವಾಚಾಳಿಯಾಗಿದ್ದುದರಿಂದ ಮೋರ್‌ನ ಮೌನ ಎದ್ದು ಕಾಣುತ್ತಿತ್ತು. ಅವನಿಲ್ಲದ ಸಿನಿಮಾದಲ್ಲಿ ಆ ಮೌನವನ್ನು ಹೊರಬೇಕಾದದ್ದು ನಟನ ಕಣ್ಣು ಮತ್ತು ಕೆನ್ನೆಯ ಗೆರೆಗಳು. ಸ್ಕೋಫೀಲ್ಡ್ ಆಗ ಸಿನಿಮಾ ಪ್ರೇಕ್ಷಕರಿಗೆ ಅಷ್ಟಾಗಿ ಪರಿಚಿತರಲ್ಲ, ರಂಗನಟ. ನೂರಾರು ಪ್ರದರ್ಶನಗಳಲ್ಲಿ ಹಿಂದಿನ ಸಾಲಿಗೂ ತಲುಪುವಂತೆ ಆಡಿದ ಪಾತ್ರವನ್ನು ಕ್ಯಾಮೆರಾದ ಮುಂದೆ ಬಹುತೇಕ ಒಳಗೇ ನುಂಗಿಕೊಂಡು ಆಡಿದ್ದಾರೆ. ಅದಕ್ಕಾಗಿಯೇ, ತೀರ್ಪು ಬಂದ ಮೇಲೆ, ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿಲ್ಲ ಎಂದಾದಾಗ ಆ ದನಿ ಎದ್ದರೆ ಮೈ ನಡುಗುತ್ತದೆ. ಆ ವರ್ಷದ ಅತ್ಯುತ್ತಮ ನಟ ಪ್ರಶಸ್ತಿ ಅವರದಾಯಿತು. ಸ್ವೀಕರಿಸಲು ಅವರು ಹೋಗಲಿಲ್ಲ, ಮೋರ್‌ನ ಹೆಂಡತಿ ಆಲಿಸ್‌ಳ ಪಾತ್ರ ಮಾಡಿದ ವೆಂಡಿ ಹಿಲ್ಲರ್ ಅವರ ಪರವಾಗಿ ಪಡೆದರು. ಅತ್ಯುತ್ತಮ ಚಿತ್ರ, ನಿರ್ದೇಶನ, ರೂಪಾಂತರಿತ ಚಿತ್ರಕಥೆ, ಛಾಯಾಗ್ರಹಣ, ವಸ್ತ್ರವಿನ್ಯಾಸ ಉಳಿದ ಐದು.

ಇನ್ನು, ಸಾಮಾನ್ಯ ಮನುಷ್ಯನ ಹೊರೆ ಯಾರ ತಲೆಗೆ ಬಂತು ಎಂಬ ಮಾತು. ರಿಚರ್ಡ್ ರಿಚ್. ಆಗಿನ್ನೂ ಇಪ್ಪತ್ತರ ಪ್ರಾಯದಲ್ಲಿದ್ದ ಜಾನ್ ಹರ್ಟ್ ಮಾಡಿದ ಪಾತ್ರ. ರಿಚ್‌ಗೆ ದರ್ಬಾರಿನಲ್ಲಿ ಕೆಲಸ ಬೇಕು. ಮೋರ್ ಅವನಿಗೆ ಶಿಕ್ಷಕನಾಗು ಎನ್ನುತ್ತಾನೆ; ನೀನು ಒಳ್ಳೆಯ ಶಿಕ್ಷಕನಾಗಬಲ್ಲೆ, ಬಹುಶಃ ದೊಡ್ಡ ಶಿಕ್ಷಕನೇ ಆಗಬಲ್ಲೆ. ಆದರೂ ಯಾರಿಗೆ ಗೊತ್ತಾಗುತ್ತದೆ ಎಂದು ರಿಚ್ ಕೇಳುತ್ತಾನೆ. ನಿನಗೆ, ನಿನ್ನ ವಿದ್ಯಾರ್ಥಿಗಳಿಗೆ, ಗೆಳೆಯರಿಗೆ, ದೇವರಿಗೆ. ಕಡಿಮೆಯ ಸಭೆಯೇನಲ್ಲ ಅದು ಎಂಬುದು ಮೋರ್‌ನ ಉತ್ತರ. ಇದನ್ನು ಬರೆಯುವ ಮೊದಲು ಬೋಲ್ಟ್ ಸ್ವತಃ ಸೋಮರ್‌ಸೆಟ್‌ನ ಮಿಲ್‌ಫೀಲ್ಡ್ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವರು. ನೀವೂ ಕಲಿಸುವವರಾದ್ದರಿಂದ ಈ ಸಾಲಿನ ತೂಕ ನಿಮಗೆ ತಿಳಿಯುತ್ತದೆ.

ರಿಚ್ ಆ ಸಲಹೆ ಕೇಳುವುದಿಲ್ಲ. ಕ್ರಾಮ್‌ವೆಲ್‌ನ ಕಡೆ ಸೇರಿ, ಕೊನೆಗೆ ಮೋರ್ ಆಡದ ಮಾತನ್ನು ಆಡಿದನೆಂದು ಸುಳ್ಳು ಸಾಕ್ಷಿ ಹೇಳುತ್ತಾನೆ. ಅವನ ಕೊರಳಲ್ಲಿ ಹೊಸ ಪದವಿಯ ಸರ. ವೇಲ್ಸ್‌ನ ಅಟಾರ್ನಿ ಜನರಲ್ ಹುದ್ದೆ! ಇಡೀ ಲೋಕ ಸಿಗುವುದಾದರೂ ಆತ್ಮವನ್ನು ಮಾರಿಕೊಂಡವನಿಗೆ ಲಾಭವಿಲ್ಲ, ಅಂಥದ್ದರಲ್ಲಿ ವೇಲ್ಸ್‌ಗಾಗಿಯೇ, ರಿಚರ್ಡ್, ಎಂದು ಮೋರ್ ಕೇಳುತ್ತಾನೆ. ಹರ್ಟ್ ಅವರ ಮುಖದಲ್ಲಿ ಆಗ ಕಾಣುವುದು ದುಷ್ಟತನವಲ್ಲ. ಮೊದಲ ದೃಶ್ಯದಿಂದಲೂ ಆ ಹುಡುಗನ ಕಣ್ಣಲ್ಲಿ ನೀರು ತುಂಬುತ್ತಲೇ ಇದೆ. ಪ್ರತಿ ಮೆಟ್ಟಿಲಿನಲ್ಲಿಯೂ ಅವನಿಗೆ ನಾಚಿಕೆಯಾಗುತ್ತದೆ, ಆದರೂ ಇಳಿಯುತ್ತಾನೆ. ರಂಗದ ಸಾಮಾನ್ಯ ಮನುಷ್ಯ ಟೋಪಿ ಬದಲಿಸಿ ಇಳಿದ ಅದೇ ಮೆಟ್ಟಿಲುಗಳನ್ನು ತೆರೆಯ ರಿಚ್ ಉಡುಪು ಬದಲಿಸಿ ಇಳಿಯುತ್ತಾನೆ. ದೃಶ್ಯದಿಂದ ದೃಶ್ಯಕ್ಕೆ ಅವನ ಬಟ್ಟೆ ಬೆಲೆಬಾಳುವುದಾಗುತ್ತಾ ಹೋಗುವುದನ್ನು ವಿದ್ಯಾರ್ಥಿಗಳಿಗೆ ತೋರಿಸಿ. ನಷ್ಟವಾದದ್ದು ಎಲ್ಲಿ ಎಂದರೆ, ರಿಚ್‌ನನ್ನು ನಾವು ದೂರ ಇಡಬಹುದು. ಅವನು ಮಹತ್ವಾಕಾಂಕ್ಷಿ, ನಾವಲ್ಲ ಎಂದು ಸಮಾಧಾನ ಮಾಡಿಕೊಳ್ಳಬಹುದು. ಸಾಮಾನ್ಯ ಮನುಷ್ಯನ ಎದುರು ಆ ಸಮಾಧಾನಕ್ಕೆ ಜಾಗವಿರಲಿಲ್ಲ.

ಈ ನಷ್ಟವನ್ನು ಒಂದೇ ಕಡೆ ಅಳೆದು ನೋಡಬೇಕೆಂದರೆ ಕಥೆಯ ಜನರ ಮುಂದಿನ ಗತಿಯನ್ನು ಹೇಳುವ ಭಾಗವನ್ನು ಹೋಲಿಸಿ. ನಾಟಕದ ಸೆರೆಮನೆ ದೃಶ್ಯದಲ್ಲಿ ಕಾವಲುಗಾರನ ವೇಷದಲ್ಲಿರುವ ಸಾಮಾನ್ಯ ಮನುಷ್ಯ ಅದನ್ನು ಓದುತ್ತಾನೆ: ಕ್ರಾಮ್‌ವೆಲ್‌ಗೆ 1540ರಲ್ಲಿ ಶಿರಚ್ಛೇದ, ಆರ್ಚ್‌ಬಿಷಪ್ ಕ್ರಾನ್ಮರ್‌ನನ್ನು 1556ರಲ್ಲಿ ಜೀವಂತ ಸುಟ್ಟರು, ನಾರ್ಫೋಕ್‌ನ ಡ್ಯೂಕ್, ದೊರೆಯೇ ಸತ್ತದ್ದರಿಂದ ತಲೆ ಉಳಿಸಿಕೊಂಡ, ರಿಚ್ ಮಾತ್ರ ಲಾರ್ಡ್ ಚಾನ್ಸೆಲರ್ ಆಗಿ ತನ್ನ ಹಾಸಿಗೆಯಲ್ಲೇ ಪ್ರಾಣ ಬಿಟ್ಟ. ಇಷ್ಟು ಹೇಳಿ, ನಾನೂ ಹಾಗೇ ಸತ್ತೆ, ನೀವೆಲ್ಲರೂ ಹಾಗೇ ಸಾಯುವಿರೆಂದು ಆಶಿಸುತ್ತೇನೆ ಎಂದು ಪ್ರೇಕ್ಷಕರಿಗೆ ಸೇರಿಸುತ್ತಾನೆ. ಸಿನಿಮಾ ಈ ಪಟ್ಟಿಯನ್ನು ಕಡೆಗೆ, ಕೊಡಲಿ ಬಿದ್ದ ಮೇಲೆ, ಹಿನ್ನೆಲೆ ದನಿಯೊಂದಕ್ಕೆ ಒಪ್ಪಿಸುತ್ತದೆ. ರಿಚ್ ಹಾಸಿಗೆಯಲ್ಲಿ ಸತ್ತ ಎಂಬಲ್ಲಿಗೆ ಮುಗಿಯುತ್ತದೆ. ‘ನಾನೂ’ ಮತ್ತು ‘ನೀವೂ’ ಇಲ್ಲ. ಆ ಎರಡು ಮಾತು ಬಿಟ್ಟುಹೋದದ್ದರಿಂದ, ನಮ್ಮನ್ನು ಕುರಿತ ಪ್ರಶ್ನೆಯಾಗಿದ್ದದ್ದು ಇತಿಹಾಸವನ್ನು ಕುರಿತ ವಿಷಾದವಾಯಿತು.

ಬೋಲ್ಟ್ ಅವರ ಸ್ವಂತ ಬದುಕಿನ ಒಂದು ಘಟನೆಯನ್ನು ಹೇಳದೆ ಈ ಉತ್ತರ ಪೂರ್ಣವಾಗದು. 1961ರ ಸೆಪ್ಟೆಂಬರಿನಲ್ಲಿ, ಅಣ್ವಸ್ತ್ರ ವಿರೋಧಿ ಚಳವಳಿಗೆ ಸಂಬಂಧಿಸಿ ತತ್ವಜ್ಞಾನಿ ಬರ್ಟ್ರಂಡ್ ರಸೆಲ್ ಮುಂತಾದವರ ಜೊತೆ ಬೋಲ್ಟ್ ಅವರಿಗೂ ಸೆರೆವಾಸವಾಯಿತು. ಶಾಂತಿಭಂಗ ಮಾಡುವುದಿಲ್ಲ ಎಂಬ ಮುಚ್ಚಳಿಕೆಗೆ ಸಹಿ ಹಾಕಿದ್ದರೆ ಬಿಡುಗಡೆ, ಅವರು ಹಾಕಲಿಲ್ಲ. ಆ ಹೊತ್ತಿಗೆ ‘ಲಾರೆನ್ಸ್ ಆಫ್ ಅರೇಬಿಯಾ’ ಚಿತ್ರಕಥೆಯ ಕೆಲಸ ಅವರ ಕೈಯಲ್ಲಿತ್ತು. ನಿರ್ಮಾಪಕ ಸ್ಯಾಮ್ ಸ್ಪೀಗಲ್ ಸೆರೆಮನೆಗೇ ಬಂದು, ನಿಮ್ಮೊಬ್ಬರ ಹಟದಿಂದ ಎಷ್ಟೋ ಜನರ ಕೆಲಸ ನಿಂತುಹೋಗುತ್ತದೆ ಎಂದು ಒತ್ತಾಯಿಸಿದರು. ಬೋಲ್ಟ್ ಸಹಿ ಹಾಕಿ ಹೊರಬಂದರು. ಅದಾದ ಎರಡು ತಿಂಗಳಿಗೆ, ಸಹಿ ಹಾಕದೆ ಸತ್ತವನ ನಾಟಕ ಬ್ರಾಡ್‌ವೇಯಲ್ಲಿ ಆರಂಭವಾಗಿ ಜಯಭೇರಿ ಬಾರಿಸಿತು. ಆ ಸಹಿಯ ನೋವು ಅವರನ್ನು ಬಹುಕಾಲ ಬಿಡಲಿಲ್ಲ.

ಇದನ್ನು ನಾಟಕಕಾರನ ಮೇಲಿನ ದೂರಾಗಿ ಹೇಳುತ್ತಿಲ್ಲ. ನನ್ನ ಗೌರವ ಇದರಿಂದ ಹೆಚ್ಚಿದೆಯೇ ಹೊರತು ಕಡಿಮೆಯಾಗಿಲ್ಲ. ಸಾಮಾನ್ಯ ಮನುಷ್ಯ ನಮ್ಮೆಲ್ಲರಲ್ಲಿಯೂ ಇದ್ದಾನೆ ಎಂದು ಬರೆದ ಲೇಖಕರು ಮರುವರ್ಷವೇ ಆ ಟೋಪಿ ತೊಡಬೇಕಾಗಿ ಬಂತು. 1966ರ ಚಿತ್ರಕಥೆಯಲ್ಲಿ ರಿಚ್‌ನ ಪಾತ್ರವನ್ನು ಅಷ್ಟು ಕನಿಕರದಿಂದ ತಿದ್ದಿದ ಕೈ ಅದೇ ಸಹಿ ಮಾಡಿದ ಕೈ ಎಂದು ಯೋಚಿಸಿದಾಗ, ಜಾನ್ ಹರ್ಟ್ ಅವರ ತುಂಬಿದ ಕಣ್ಣುಗಳು ನನಗೆ ಬೇರೆಯಾಗಿಯೇ ಕಾಣುತ್ತವೆ.

ನಿಮ್ಮ ಇನ್ನೊಂದು ಪ್ರಶ್ನೆ ಇತಿಹಾಸದ್ದು. ಮೋರ್ ಎದೆಗಾರಿಕೆಯವನು, ಹಾಸ್ಯಪ್ರಿಯ, ಲಂಚ ಮುಟ್ಟದ ನ್ಯಾಯಾಧೀಶ, ಹೆಣ್ಣುಮಕ್ಕಳಿಗೆ ಗ್ರೀಕ್ ಮತ್ತು ಲ್ಯಾಟಿನ್ ಕಲಿಸಿದ ತಂದೆ. ಇವೆಲ್ಲ ನಿಜ. ಆದರೆ ಅವನು ಚಾನ್ಸೆಲರ್ ಆಗಿದ್ದ ಅವಧಿಯಲ್ಲಿ ಆರು ಜನರನ್ನು ಧರ್ಮದ್ರೋಹಿಗಳೆಂದು ಸುಡಲಾಯಿತು. ಅದು ನ್ಯಾಯವೆಂದೇ ಅವನು ನಂಬಿದ್ದ, ಹಾಗೆಂದು ಬರೆದೂ ಇದ್ದ. ಪೋಪ್ ವಿರುದ್ಧ ನಿಂತ ಲೂಥರ್‌ನ ಅನುಯಾಯಿಗಳ ಮೇಲೆ ಅವನ ಬರಹದಲ್ಲಿ ಉಕ್ಕುವ ದ್ವೇಷವನ್ನು ಓದಿದವರಿಗೆ ಸ್ಕೋಫೀಲ್ಡ್ ಅವರ ಸೌಮ್ಯ ಮುಖ ನೆನಪಾಗುವುದು ಕಷ್ಟ. ಸೈತಾನನಿಗೂ ಕಾನೂನಿನ ರಕ್ಷಣೆ ಕೊಡುತ್ತೇನೆ ಎಂದು ಅಳಿಯನಾಗಲಿರುವ ರೋಪರ್‌ಗೆ ಮೋರ್ ಹೇಳುವ ಪ್ರಸಿದ್ಧ ಮಾತು ಬೋಲ್ಟ್ ಅವರ ಸೃಷ್ಟಿ. ಇಂಗ್ಲೆಂಡಿನ ಕಾನೂನುಗಳನ್ನೆಲ್ಲ ಮರಗಳಂತೆ ಕಡಿದು ಹಾಕಿದ ಮೇಲೆ ಬೀಸುವ ಗಾಳಿಯಲ್ಲಿ ನೀನು ನಿಲ್ಲಬಲ್ಲೆಯಾ ಎಂಬ ಆ ವಾದ ಇಂದಿಗೂ ಕಾನೂನು ಕಲಿಯುವವರ ಬಾಯಲ್ಲಿದೆ. ಅದು ಇಪ್ಪತ್ತನೆಯ ಶತಮಾನದ ಮಾತು, ಎರಡು ಮಹಾಯುದ್ಧಗಳನ್ನು ಕಂಡ ಕಾಲದ ಮಾತು.

ಇನ್ನೂ ಕೆಲವು ವಿವರ. ನಾಟಕದಲ್ಲೂ ಸಿನಿಮಾದಲ್ಲೂ ಮೋರ್‌ಗೆ ಒಬ್ಬಳೇ ಮಗಳು, ಮಾರ್ಗರೆಟ್. ನಿಜದಲ್ಲಿ ಮೂವರು ಹೆಣ್ಣುಮಕ್ಕಳು, ಒಬ್ಬ ಮಗ. ಆಲಿಸ್ ಎರಡನೆಯ ಹೆಂಡತಿ, ಮಾರ್ಗರೆಟ್‌ಳ ಹೆತ್ತ ತಾಯಿಯಲ್ಲ. ಮಾರ್ಗರೆಟ್ ಸ್ವತಃ, ದೇವರ ಕಾನೂನು ಒಪ್ಪುವಷ್ಟರ ಮಟ್ಟಿಗೆ ಎಂಬ ಷರತ್ತಿನೊಂದಿಗೆ, ಆ ಪ್ರಮಾಣ ಸ್ವೀಕರಿಸಿದ್ದಳು. ವಿಚಾರಣೆಯ ಹೊತ್ತಿಗೆ ರಿಚ್ ಆಗಲೇ ಸಾಲಿಸಿಟರ್ ಜನರಲ್. ವೇಲ್ಸ್‌ನ ಹುದ್ದೆ ಅದಕ್ಕೂ ಹಿಂದಿನದು. ಆದ್ದರಿಂದ ಆ ಸರ ಮತ್ತು ಆ ಮರ್ಮಭೇದಿ ಪ್ರಶ್ನೆ ರಂಗಕ್ಕಾಗಿ ಕಟ್ಟಿದವು. ರಿಚ್ ಹೇಳಿದ ಸಾಕ್ಷ್ಯದ ಸಂದರ್ಭ ಮಾತ್ರ ಇತಿಹಾಸದ್ದೇ: ಸೆರೆಯಲ್ಲಿದ್ದ ಮೋರ್‌ನ ಪುಸ್ತಕಗಳನ್ನು ಕಿತ್ತುಕೊಂಡು ಹೋಗಲು ಬಂದಾಗ ನಡೆದ ಸಂಭಾಷಣೆ ಅದು. ಎಲ್ಲರ ಗತಿ ಹೇಳುವ ಆ ಪಟ್ಟಿಯಲ್ಲಿ ಬರುವ, ದೊರೆ ಸಿಫಿಲಿಸ್‌ನಿಂದ ಸತ್ತ ಎಂಬ ಮಾತನ್ನು ಇಂದಿನ ಇತಿಹಾಸಕಾರರಲ್ಲಿ ಹೆಚ್ಚಿನವರು ಒಪ್ಪುವುದಿಲ್ಲ. ಕ್ರಾಮ್‌ವೆಲ್ ಇಷ್ಟು ಕಪ್ಪು, ಮೋರ್ ಇಷ್ಟು ಬಿಳುಪು ಆಗಿರಲಿಲ್ಲ ಎಂದು ವಾದಿಸುವ ಕಾದಂಬರಿಯನ್ನೇ ಹಿಲರಿ ಮ್ಯಾಂಟೆಲ್ 2009ರಲ್ಲಿ ಬರೆದರು. ಅಲ್ಲಿ ಕ್ರಾಮ್‌ವೆಲ್ ನಾಯಕ.

ಇದರಿಂದ ಬೋಲ್ಟ್ ಅವರ ಕೃತಿ ಸಣ್ಣದಾಗುತ್ತದೆ ಎಂದು ನನಗೆ ಅನ್ನಿಸುವುದಿಲ್ಲ. ದೇವರಲ್ಲಿ ನಂಬಿಕೆಯಿಲ್ಲದ ಲೇಖಕರೊಬ್ಬರು, 1935ರಲ್ಲಿ ಕ್ಯಾಥೊಲಿಕ್ ಚರ್ಚು ಸಂತನೆಂದು ಸಾರಿದ ವ್ಯಕ್ತಿಯನ್ನು ಏಕೆ ಆರಿಸಿಕೊಂಡರು? ಈ ಪ್ರಶ್ನೆಯನ್ನು ಅವರೇ ಮುನ್ನುಡಿಯಲ್ಲಿ ಎತ್ತಿದ್ದಾರೆ. ಅವರಿಗೆ ಬೇಕಾಗಿದ್ದದ್ದು ಸಂತನಲ್ಲ; ತಾನು ಯಾರು, ತಾನು ಎಲ್ಲಿಯವರೆಗೆ ಬಗ್ಗಬಲ್ಲೆ ಎಂಬ ಗಡಿ ಸ್ಪಷ್ಟವಾಗಿ ಗೊತ್ತಿದ್ದ ಒಬ್ಬ ಮನುಷ್ಯ. ಮೋರ್ ಸಾಯಲು ಹಾತೊರೆಯುವುದಿಲ್ಲ. ಬದುಕುಳಿಯಲು ಕಾನೂನಿನ ಪ್ರತಿಯೊಂದು ಸಂದನ್ನೂ ಹುಡುಕುತ್ತಾನೆ. ಆ ಸಂದುಗಳೆಲ್ಲ ಮುಚ್ಚಿದ ಮೇಲೂ ಒಳಗೆ ಬಗ್ಗದ ಒಂದು ಚೂರು ಉಳಿಯುತ್ತದೆ. ಐತಿಹಾಸಿಕ ನಾಟಕವನ್ನು ದಾಖಲೆಯಾಗಿ ಓದಿದರೆ ಇಲ್ಲಿ ತಪ್ಪುಗಳು ಸಿಗುತ್ತವೆ, ತೋರಿಸಬೇಕು. ನಿಮ್ಮ ವಿದ್ಯಾರ್ಥಿಗಳಿಗೆ ಸುಡಲ್ಪಟ್ಟ ಆ ಆರು ಜನರ ವಿಷಯವನ್ನು ಮುಚ್ಚಿಡಬೇಡಿ. ಅವರಿಗೂ ತಮ್ಮ ಆತ್ಮಸಾಕ್ಷಿಯಿತ್ತು ಎಂಬುದನ್ನು ಹೇಳಿದ ಮೇಲೆ ಮೋರ್‌ನ ಕಥೆ ಇನ್ನಷ್ಟು ಕಠಿಣವಾದ ಕಥೆಯಾಗುತ್ತದೆ.

ತರಗತಿಯಲ್ಲಿ ಯಾವುದು ಮೊದಲು? ನಾಟಕವೇ ಮೊದಲು, ಅದೂ ಗಟ್ಟಿಯಾಗಿ ಓದುವ ಮೂಲಕ. ಸಿನಿಮಾ ಮೊದಲು ನೋಡಿದರೆ ಸ್ಕೋಫೀಲ್ಡ್ ಅವರ ದನಿ ಕಿವಿಯಲ್ಲಿ ಕೂತುಬಿಡುತ್ತದೆ, ಆಮೇಲೆ ಪುಟದ ಮೇಲಿನ ಸಾಮಾನ್ಯ ಮನುಷ್ಯ ಅಡ್ಡಬಂದವನಂತೆ ತೋರುತ್ತಾನೆ. ನಾಟಕ ಮುಗಿದ ಮೇಲೆ ಸಿನಿಮಾವನ್ನು ಒಂದೇ ಸಲಕ್ಕೆ, ನಡುವೆ ನಿಲ್ಲಿಸದೆ ತೋರಿಸಿ, ಎರಡು ಗಂಟೆಯಷ್ಟೇ. ಸಮಯ ಉಳಿದರೆ ಚಾರ್ಲ್‌ಟನ್ ಹೆಸ್ಟನ್ 1988ರಲ್ಲಿ ಟೆಲಿವಿಷನ್‌ಗಾಗಿ ನಿರ್ದೇಶಿಸಿ ನಟಿಸಿದ ರೂಪವನ್ನೂ ನೋಡಬಹುದು. ಅದರಲ್ಲಿ ಸಾಮಾನ್ಯ ಮನುಷ್ಯ ಇದ್ದಾನೆ, ರಾಯ್ ಕಿನ್ನಿಯರ್ ಆ ಪಾತ್ರದಲ್ಲಿದ್ದಾರೆ. 1966ರಲ್ಲಿ ಕ್ಷಣಮಾತ್ರ ಆನ್ ಬೊಲಿನ್ ಆಗಿ ಮಿಂಚಿದ್ದ ವನೆಸ್ಸಾ ರೆಡ್‌ಗ್ರೇವ್ ಇಲ್ಲಿ ಮೋರ್‌ನ ಹೆಂಡತಿ. ನಾಟಕಕ್ಕೆ ಹೆಚ್ಚು ನಿಷ್ಠವಾಗಿದ್ದೂ ಅದು ಜಿನ್ನೆಮನ್ ಚಿತ್ರದಷ್ಟು ಜೀವಂತವಾಗಿಲ್ಲ. ನಿಷ್ಠೆಯೊಂದೇ ರೂಪಾಂತರವನ್ನು ಕಾಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ತರಗತಿಗೆ ಸಿಗಲಾರದು.

ಕಡೆಯದಾಗಿ ಒಂದು ಅಭ್ಯಾಸ ಮಾಡಿಸಿ ನೋಡಿ. ಎರಡನೆಯ ಅಂಕದ ವಿಚಾರಣೆಯ ದೃಶ್ಯವನ್ನು ವಿದ್ಯಾರ್ಥಿಗಳಿಂದಲೇ ಓದಿಸಿ. ಮೋರ್, ಕ್ರಾಮ್‌ವೆಲ್, ರಿಚ್ ಪಾತ್ರಗಳನ್ನು ಉತ್ಸಾಹಿಗಳಿಗೆ ಕೊಡಿ. ಜ್ಯೂರಿಯ ಮುಖ್ಯಸ್ಥನ ಪಾತ್ರವನ್ನು ಮಾತ್ರ ಯಾರಿಗೆ ಎಂದು ಮೊದಲೇ ತಿಳಿಸಬೇಡಿ. ಆ ಸಾಲು ಬಂದಾಗ, ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೇಳುತ್ತಾ ಕುಳಿತವರೊಬ್ಬರ ಕೈಗೆ ಪುಸ್ತಕ ಕೊಟ್ಟು ಆ ‘ಅಪರಾಧಿ’ ಎಂಬ ಮಾತನ್ನು ಓದಲು ಹೇಳಿ. ಅವರು ಹಿಂಜರಿದರೆ ಒತ್ತಾಯಿಸಬೇಡಿ. ಆ ಹಿಂಜರಿಕೆಯ ಬಗ್ಗೆಯೇ ಉಳಿದ ಅವಧಿಯಲ್ಲಿ ಚರ್ಚೆ ನಡೆಸಿ.